ಕಾಕು ಹೇಳಿದ ಪಿಚ್ಚರ್

ಕಾಕುವಿನ ಎಡಗೈ ಬಳೆಗಳ ಸಂದಿಯಲ್ಲಿ ಸಿನಿಮಾ ಟಿಕೆಟ್ಟಿನ ಹರಿದ ತುಂಡೊಂದು ಯಾವಾಗಲೂ ಸಿಕ್ಕಿಕೊಂಡಿರುತ್ತಿತ್ತು. ನಲ್ಲಿಯ ಕೆಳಗೆ ಕೊಡ ಹಿಡಿದಾಗಲೂ ಅದು ತೋಯದಂತೆ ಕೈ ಓರೆ ಮಾಡುತ್ತಿದ್ದಳು. ಮುಂಬಯಿಯ ಮಲಾಡಿನ ನಮ್ಮ ಚಾಳಿಗೆಲ್ಲ ಅವಳು ಕಾಕು, ಅಂದರೆ ಚಿಕ್ಕಮ್ಮ. ಅಲ್ಲಿ ಹೊಸ ಪಿಚ್ಚರನ್ನು ಮೊದಲು ನೋಡುವವಳು ಅವಳೇ. ಮರುದಿನ ನೀರಿನ ಸಾಲಿನಲ್ಲಿ ನಿಂತ ನಮಗೆಲ್ಲ ಯಾವುದಕ್ಕೆ ಹೋಗಬೇಕೆಂದು ಹೇಳುವವಳೂ ಅವಳೇ.

ಅವಳು ಹೊಗಳುತ್ತಿದ್ದ ಚಿತ್ರಗಳೋ, ದೇವರೇ ಗತಿ! ಒಂದರಲ್ಲಿ ವಿಧವೆ ತನಗಿಂತ ಚಿಕ್ಕವನನ್ನು ಮೆಚ್ಚುತ್ತಾಳೆ, ಇನ್ನೊಂದರಲ್ಲಿ ಇಬ್ಬರು ತಾಳಿಯಿಲ್ಲದೆ ಸಂಸಾರ ಹೂಡುತ್ತಾರೆ. "ನೋಡಿ ಬರ್ರಿ. ಅವ್ರೂ ನಮ್ಮಂಥಾ ಮಂದೀನ," ಎನ್ನುತ್ತಿದ್ದಳು. ಬೆಳಗಾವಿ ಕಡೆಯ ಆಕೆ ಕೊನೆಯ ಖೋಲಿಯಲ್ಲಿ ಒಬ್ಬ ಮರಾಠಿ ಟೇಲರನ ಜೊತೆ ಇದ್ದಳು. ಲಗ್ನವಾಗಿದೆಯೇ ಎಂದು ಕೇಳಿದರೆ ನಕ್ಕು ಕೊಡ ಎತ್ತಿಕೊಂಡು ಹೊರಡುತ್ತಿದ್ದಳು. ವಿಜಾಪುರದಿಂದ ಸೊಸೆಯಾಗಿ ಬಂದ ನನಗೆ ಅವಳ ಮೇಲೆ ಗುಮಾನಿ. ತನ್ನ ದಾರಿಗೆ ನಮ್ಮನ್ನೂ ಎಳೆಯುವ ಹುನ್ನಾರವೆಂದೇ ತಿಳಿದಿದ್ದೆ.

ನಮ್ಮದು ಒಂದೇ ಖೋಲಿ. ಅತ್ತೆ, ಮಾವ, ಇಬ್ಬರು ನಾದಿನಿಯರು, ನಾವಿಬ್ಬರು. ರಾತ್ರಿ ಗಂಡ ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಚಾಪೆ ಹಾಸುತ್ತಿದ್ದರು, ನಾನು ನಾದಿನಿಯರ ನಡುವೆ ಮಲಗುತ್ತಿದ್ದೆ. ಮದುವೆಯಾಗಿ ವರ್ಷ ಕಳೆದರೂ ಇಬ್ಬರೂ ಮನಬಿಚ್ಚಿ ಮಾತಾಡಿರಲಿಲ್ಲ. ಅತ್ತೆ ಮಾತ್ರ, "ಬಸರಾಗಲಿಲ್ಲಂದ್ರ ತವರಿಗೆ ಕಳಸೂದ," ಎಂದು ಎಲ್ಲರೆದುರು ಹೇಳತೊಡಗಿದ್ದರು. ಹೆದರಿಕೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಶುಕ್ರವಾರ ಕಾಕು ಅತ್ತೆಯ ಬಳಿ ಭಕ್ತಿಯ ಪಿಚ್ಚರೊಂದನ್ನು ಹೊಗಳಿದಳು. "ವೈನಿ, ಮನಿಮಂದೀನೆಲ್ಲಾ ಕರಕೊಂಡು ನಾಳೆ ಮ್ಯಾಟಿನಿಗೆ ಹೋಗ್ರಿ. ಭಾಳ ಉದ್ದ ಐತಿ, ಪುಣ್ಯಾನೂ ಭಾಳ." ದೇವರ ಚಿತ್ರವೆಂದರೆ ಮೂಗು ಮುರಿಯುವವಳು! ಅತ್ತೆ ಅತ್ತ ಹೋದದ್ದೇ ನನ್ನ ಕಿವಿಯಲ್ಲಿ, "ನಿನಗ ನಾಳೆ ತಲಿನೋವು ಬರತೈತಿ, ತಿಳೀತ?" ಎಂದಳು. ನನ್ನ ಸಂಶಯ ನೆತ್ತಿಗೇರಿತು.

ನಮ್ಮ ತಾಮ್ರದ ಹಂಡೆಯ ಮೇಲೆ ಕಣ್ಣಿಟ್ಟಿದ್ದಾಳೆ ಅಂದುಕೊಂಡೆ. ಮನೆ ಕಾಯಬೇಕೆಂದೇ ತಲೆನೋವಿನ ನೆಪ ಹೇಳಿ ಉಳಿದೆ. ಎಲ್ಲರೂ ಹೋದ ಮೇಲೆ ಅಗಳಿ ಹಾಕಿ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದವರು ನನ್ನ ಗಂಡ. ಶನಿವಾರ ಅವರ ಫೋರ್ಟ್ ಆಫೀಸು ಅರ್ಧ ದಿನ ಎಂಬುದನ್ನು ನಾನೇ ಮರೆತಿದ್ದೆ, ಕಾಕು ಮರೆತಿರಲಿಲ್ಲ. ಖಾಲಿ ಖೋಲಿ ನೋಡಿ ಅವರೂ ತಬ್ಬಿಬ್ಬಾದರು. ಅಷ್ಟರಲ್ಲಿ ಹೊರಗೆ ಪಕ್ಕದ ಮನೆಯವಳ ದನಿ, ಹಿಂದೆಯೇ ಕಾಕುವಿನದು: "ಯಾರೂ ಇಲ್ಲವ್ವಾ, ಎಲ್ಲಾರೂ ಪಿಚ್ಚರಿಗೆ ಹೋಗ್ಯಾರ. ನೀ ನಡಿ." ಕಿಟಕಿಯಿಂದ ಇಣುಕಿದೆ. ನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನಗೆ ಅಳು ಬಂತು. ಗಂಡ ನಕ್ಕರು. ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಬಂದ ಅತ್ತೆ, "ಭಾಳ ಚೊಲೋ ಐತಿ, ಮುಂದಿನ ಶನಿವಾರ ಮತ್ತ ಹೋಗೂಣು," ಎಂದರು. ಆಮೇಲೆ ಕಾಕು ಹೇಳಿದ ಪಿಚ್ಚರಿಗೆಲ್ಲ ಮನೆಮಂದಿಯನ್ನು ಕಟ್ಟಿಕೊಂಡು ಹೋಗುತ್ತಲೇ ಇದ್ದರು. ನನಗೂ ಶನಿವಾರದ ತಲೆನೋವು ತಪ್ಪದೆ ಬರುತ್ತಿತ್ತು.

ನನ್ನ ಮಗಳು ಶಾಲೆಗೆ ಸೇರಿದ ವರ್ಷ ಕಾಕು ಕಾಮಾಲೆಯಿಂದ ತೀರಿಕೊಂಡಳು. ಹೆಣದ ಪಕ್ಕ ಟೇಲರ್ ಒಬ್ಬನೇ ಕೂತಿದ್ದ. ಅವನು ಗಂಡನೋ ಅಲ್ಲವೋ ಎಂದು ಚಾಳಿನವರು ದೂರ ನಿಂತು ಪಿಸುಗುಟ್ಟುತ್ತಿದ್ದರು. ಅತ್ತೆ ಅವರನ್ನೆಲ್ಲ ಸರಿಸಿ ಹೋಗಿ ಅವನ ಮಗ್ಗುಲಲ್ಲಿ ಕೂತರು. "ಶನಿವಾರ ಯಾವ ಪಿಚ್ಚರಿಗೆ ಹೋಗಬೇಕಂತ ಇನ್ನ ಯಾರ ಹೇಳ್ತಾರವಾ ನನಗ?" ಎಂದು ಅಳುತ್ತ, ನನ್ನ ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ನನ್ನ ತಲೆನೋವಿನ ಸಂಗತಿ ಅವರಿಗೂ ಗೊತ್ತಿತ್ತೇನೋ ಎಂಬ ಗುಮಾನಿ ನನಗೆ ಇನ್ನೂ ಹೋಗಿಲ್ಲ.