ಬಿಲ್ಲೆಯ ಬೆನ್ನು

ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಎದುರು ವಾಚ್ ರಿಪೇರಿ ಮಾಡುತ್ತಿದ್ದವರೊಬ್ಬರು ಮಿಲಿಟರಿ ಬಿಲ್ಲೆ, ಪಕ್ಷಗಳ ಬ್ಯಾಡ್ಜು ಕೂಡಿಡುತ್ತಿದ್ದರು. ಯಾರು ಏನು ತಂದರೂ, “ಮಕ ಬ್ಯಾಡ, ಬೆನ್ನು ತೋರ್ಸ್ರಿ” ಎನ್ನುವರು. ಮುಂದೆ ಎಷ್ಟೇ ಸವೆಸಿ ಹಳತು ಮಾಡಿದ್ದರೂ ಹಿಂದಿನ ಪಿನ್ನಿನ ಹೊಸ ಬೆಸುಗೆ ನಕಲಿಯನ್ನು ಹಿಡಿದುಕೊಡುತ್ತಿತ್ತು. “ಡೂಪ್ಲಿಕೇಟು” ಎಂದು ನಕ್ಕು ವಾಪಸು ಕೊಡುವರು.

ನಾನು ಹುಟ್ಟುವ ಮೊದಲೇ ಮನೆ ಬಿಟ್ಟ ಅಪ್ಪ ಮಿಲಿಟರಿಯಲ್ಲಿದ್ದ ಎಂದು ಅವ್ವ ಹೇಳುತ್ತಿದ್ದಳು. ಮೊಳಕಾಲ್ಮೂರಿನ ನೆಂಟರು ನಂಬುತ್ತಿರಲಿಲ್ಲ. ಬರಬರುತ್ತಾ ನಾನೂ ನಂಬುತ್ತಿರಲಿಲ್ಲ. ನಾನು ಕಾಲೇಜಿಗೆ ಸೇರಿದ ವರ್ಷ, ಅಪ್ಪ ಬಿಟ್ಟುಹೋಗಿದ್ದ ಟೋಪಿಯ ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿಕೊಂಡು ಅವ್ವ ನನ್ನನ್ನು ಆ ಅಂಗಡಿಗೆ ಎಳೆದೊಯ್ದಳು.

“ನೀವೇ ಹೇಳ್ರಿ ಇವ್ಳಿಗೆ” ಎಂದಳು.

ಅವರು ಕಣ್ಣಿಗೆ ಮಸೂರ ಸಿಕ್ಕಿಸಿ ಬಿಲ್ಲೆಯನ್ನು ನೋಡಿದರು. ಮಸೂರ ತೆಗೆದು ಅವ್ವನನ್ನು ನೋಡಿದರು.

“ಇದು ಅಸಲೀನೇ ಐತೆ ಬಿಡ್ರವ್ವ. ಜ್ವಾಪಾನವಾಗಿ ಇಟ್ಕಳ್ರಿ.”

ಅವ್ವ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ದಾರಿಯುದ್ದಕ್ಕೂ ಅಪ್ಪನ ಮಾತಾಡಿದಳು.

ಈಗ ಅವರೂ ಇಲ್ಲ, ಅವ್ವನೂ ಇಲ್ಲ. ಬಿಲ್ಲೆ ಕೈಗೆತ್ತಿಕೊಂಡಾಗಲೆಲ್ಲ ಆ ವಾಚ್ ರಿಪೇರಿಯವರ ಬೆರಳುಗಳು ನೆನಪಾಗುತ್ತವೆ. ಅವತ್ತೊಂದು ದಿನ ಮಾತ್ರ ಅವು ಬಿಲ್ಲೆಯನ್ನು ತಿರುವಿರಲಿಲ್ಲ.