ಒತ್ತಣ್ಣನ ಮನೆಯ ಕತ್ತೆಗಳು

ಒತ್ತಣ್ಣನ ಮನೆಯ ಗಾಜಿನ ಕಪಾಟಿನಲ್ಲಿ ಮೂವತ್ತೊಂದು ಕತ್ತೆಗಳಿವೆ. ಮಣ್ಣಿನದು, ಮರದ್ದು, ಗಾಜಿನದು, ಹಿತ್ತಾಳೆಯದು, ಸೋಪಿನಲ್ಲಿ ಕೆತ್ತಿದ್ದೂ ಒಂದಿದೆ. ಬೇರೆಯವರು ಆನೆ ಇಡುತ್ತಾರೆ, ಜಿಂಕೆ ಇಡುತ್ತಾರೆ, ನೋಡಲಾದರೂ ಲಕ್ಷಣವಾಗಿರುತ್ತವೆ. ಈ ಮನೆಗೆ ಹೊಸದಾಗಿ ಬಂದವರು ಕುರ್ಚಿಗೆ ಬೆನ್ನು ತಾಗಿಸುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಇದೇನ್ರೀ ಇಷ್ಟೊಂದು ಕತ್ತೆ?"

ಉತ್ತರ ಕೊಡುವ ಹಕ್ಕು ನಾದಿನಿಯದು. ಹೆಂಡತಿಯ ತಂಗಿ, ಅದೇ ಬೀದಿಯ ತುದಿಯಲ್ಲಿ ಮನೆ. ದಿನಕ್ಕೊಮ್ಮೆ ಇಲ್ಲಿ ಬಂದು ಹೋಗದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ. ಅವಳು ಕಣ್ಣರಳಿಸಿ ಒಂದು ಮಾತು ಹೇಳುತ್ತಾಳೆ. ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒತ್ತಣ್ಣನೂ ನಗುತ್ತಾನೆ. ಯಾಕೆ ನಗುತ್ತಿದ್ದೇನೆಂದು ಅವನಿಗೆ ಮಾತ್ರ ಗೊತ್ತಿಲ್ಲ.

ಅವನಿಗೆ ಕಿವಿ ಕೇಳಿಸುವುದಿಲ್ಲ. ಹದಿನೇಳಕ್ಕೆ ಅಚ್ಚುಕೂಟ ಸೇರಿದವನು. ಬೆನ್ನ ಹಿಂದೆಯೇ ಮುದ್ರಣ ಯಂತ್ರ. ಇಪ್ಪತ್ತೈದು ತುಂಬುವಷ್ಟರಲ್ಲಿ ಅದು ಅವನ ಕಿವಿಯನ್ನು ನುಂಗಿ ನೀರು ಕುಡಿದಿತ್ತು. ತುಟಿ ನೋಡಿ ಮಾತು ಓದುವುದನ್ನು ಕಲಿತ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವುದು ಅವನ ಕೆಲಸ. ಒತ್ತಕ್ಷರದ ಒತ್ತಿಗೆ ಬೇರೆಯೇ ಮೊಳೆ, ಅರ್ಧ ಬೆಂಕಿಕಡ್ಡಿಯಷ್ಟು ಸಪೂರ. ಉಳಿದವರು ಅದನ್ನು ಬೀಳಿಸುತ್ತಿದ್ದರು, ಮರೆಯುತ್ತಿದ್ದರು. ಇವನ ಸಾಲಿನಲ್ಲಿ ಒಂದು ಒತ್ತೂ ತಪ್ಪಿದ್ದಿಲ್ಲ. ಹೀಗಾಗಿ ಒತ್ತಣ್ಣ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ನಾದಿನಿಯ ತುಟಿಯನ್ನು ಅವನು ನೂರು ಸಲ ಓದಿದ್ದಾನೆ. ಪ್ರತಿಸಲವೂ ಅದೇ ಸಾಲು: "ಅಕ್ಕ ಹೇಳಿದ್ದು ಕತ್ತೆ, ಭಾವ ತಿಳ್ಕೊಂಡಿದ್ದು ಕತ್ತೆ!" ಸರಿಯೇ ಇದೆಯಲ್ಲ! ಹೆಂಡತಿ ಕತ್ತೆ ಎಂದಳು, ತಾನು ಕತ್ತೆ ಎಂದೇ ತಿಳಿದ. ಇದರಲ್ಲಿ ನಗುವಂಥದ್ದೇನಿದೆ? ಒಂದೆರಡು ಸಲ ಹೆಂಡತಿಯನ್ನು ಕೇಳಿದ್ದ. "ಏನಿಲ್ಲ ಬಿಡಿ, ಅವಳ ಹುಚ್ಚು" ಎಂದು ಅವಳು ಜಾರಿಕೊಂಡಿದ್ದಳು. ಕಿವಿ ಕೇಳದವನು ಎಲ್ಲದಕ್ಕೂ 'ಏನು, ಏನು' ಎನ್ನುತ್ತಿದ್ದರೆ ಜನ ಬೇಸರಿಸಿಕೊಳ್ಳುತ್ತಾರೆ; ಅದಕ್ಕೇ ಸುಮ್ಮನಾದ. ಆದರೆ ತಲೆಯೊಳಗೆ ಹೊಕ್ಕ ಹುಳ ಸುಮ್ಮನಾಗಲಿಲ್ಲ. ನಗುತ್ತಿರುವುದು ತನ್ನನ್ನು ನೋಡಿಯೋ ಏನೋ ಎಂಬ ಭಯವೂ ಅದರ ಜೊತೆಗಿತ್ತು.

ಕತ್ತೆಗಳು ಬರಲು ಕಾರಣ ಹೆಂಡತಿಯೇ. ಆಗಿನ್ನೂ ಮದುವೆಯಾಗಿರಲಿಲ್ಲ. ಅವಳು ಅದೇ ಅಚ್ಚುಕೂಟದಲ್ಲಿ ಪುಸ್ತಕದ ಹಾಳೆ ಮಡಿಸುತ್ತಿದ್ದಳು. ಇವನು ನಾಲ್ಕು ತಿಂಗಳು ಧೈರ್ಯ ಕೂಡಿಸಿ, ಒಂದು ದಿನ ಯಂತ್ರದ ಈಚೆಯಿಂದ ಕೇಳಿಯೇಬಿಟ್ಟ: "ನಿಮಗೆ ಏನಂದ್ರೆ ಇಷ್ಟ?" ಅವಳು ಕೈಯಲ್ಲಿದ್ದ ಹಾಳೆ ಆಡಿಸುತ್ತ ಏನೋ ಹೇಳಿದಳು. ತುಟಿ ಸ್ಪಷ್ಟವಾಗಿತ್ತು. ಕತ್ತೆ ಅಂದ್ರೆ ಪ್ರಾಣ.

ವಿಚಿತ್ರ ಹುಡುಗಿ ಎನ್ನಿಸಿತು. ಆದರೆ ಮನಸ್ಸು ಕೊಟ್ಟವನಿಗೆ ವಿಚಿತ್ರವೂ ಒಂದು ಗುಣವೇ. ಕತ್ತೆಯ ಗೊಂಬೆಗಾಗಿ ಅಂಗಡಿ ಅಂಗಡಿ ಅಲೆದ, ಎಲ್ಲೂ ಇಲ್ಲ. ಕೊನೆಗೆ ಮಣ್ಣಿನ ಗೊಂಬೆ ಮಾಡುವವನೊಬ್ಬನ ಬಳಿ ಇನ್ನೂ ಒಣಗದ ಕುದುರೆ ಸಿಕ್ಕಿತು. ಕಿವಿ ಎಳೆದು ಉದ್ದ ಮಾಡಿಕೊಡಿ ಎಂದು ದುಂಬಾಲುಬಿದ್ದ. "ಅಲ್ಲಯ್ಯಾ, ಈ ಕುದುರೆ ಏನು ತಪ್ಪು ಮಾಡ್ತು?" ಎಂದು ಗೊಣಗುತ್ತಲೇ ಅವನು ಎಳೆದುಕೊಟ್ಟ.

ಅದನ್ನು ಕಂಡು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಂತೋಷಕ್ಕೆ ಎಂದುಕೊಂಡ. ಆಮೇಲೆ ಸ್ಟೂಲ್ ಎಳೆದುಕೊಂಡು, ಅವನಿಗೆ ತುಟಿ ಕಾಣುವಂತೆ ಬೆಳಕಿಗೆ ಮುಖಮಾಡಿ ಕೂತಳು. "ಎಲ್ಲಿ ಸಿಕ್ತು? ಯಾರು ಕೊಟ್ರು? ಒಂದೂ ಬಿಡದೆ ಹೇಳಿ."

ಊಟ ಆಯಿತೇ ಎಂದರೆ ತಲೆಯಾಡಿಸಿ ಮುಗಿಸುವ ಮನುಷ್ಯ ಒತ್ತಣ್ಣ. ಅವತ್ತು ಅರ್ಧ ಗಂಟೆ ಮಾತಾಡಿದ.

ಅಂದಿನಿಂದ ಅದೇ ಪದ್ಧತಿ. ವರ್ಷಕ್ಕೊಂದು, ಅವಳ ಹುಟ್ಟಿದ ದಿನಕ್ಕೆ. ಎಲ್ಲಿಂದ ಬಂತೆಂದು ಪೂರ್ತಿ ಹೇಳದೆ ಯಾವ ಕತ್ತೆಗೂ ಕಪಾಟಿನೊಳಗೆ ಪ್ರವೇಶವಿಲ್ಲ. ಗಾಜಿನ ಕತ್ತೆಯ ಆಸೆಗೆ ರೈಲು ತಪ್ಪಿಸಿಕೊಂಡು, ಸ್ಟೇಷನ್ ಮಾಸ್ಟರರ ಹಲ್ಲುನೋವಿನ ಪುರಾಣ ನೋಡುತ್ತ ಕೂತದ್ದು. ಹಿತ್ತಾಳೆಯದಕ್ಕೆ ಹೊಸ ಕೊಡೆ ಕೊಟ್ಟು ನೆನೆದುಕೊಂಡು ಬಂದದ್ದು. ಮರದ್ದರ ಕಾಲು ಬಸ್ಸಿನಲ್ಲಿ ಮುರಿದಾಗ ಸವೆದ ಅಚ್ಚುಮೊಳೆಯೊಂದನ್ನು ಕಾಲಾಗಿ ಅಂಟಿಸಿದ್ದು. ಎಲ್ಲವನ್ನೂ ಹೇಳಿದ. ಪಾಪ, ಕತ್ತೆಯ ಮೇಲೆ ಎಷ್ಟು ಪ್ರೀತಿ, ಒಂದೊಂದರ ಜಾತಕವೂ ಬೇಕು ಇವಳಿಗೆ ಎಂದುಕೊಳ್ಳುತ್ತಿದ್ದ.

ಅಚ್ಚುಕೂಟ ಮುಚ್ಚಿತು. ಮಗಳು ಕೆಲಸಕ್ಕೆ ಸೇರಿದವಳೇ ಅಪ್ಪನ ಕಿವಿಯ ಬೆನ್ನುಹತ್ತಿದಳು. "ರಸ್ತೆ ದಾಟುವಾಗ ಹಾರ್ನ್ ಆದ್ರೂ ಕೇಳಿಸ್ಲಿ ಅಪ್ಪಾ." ಎರಡು ವರ್ಷ ಬೇಡವೆಂದವನು ಒಂದು ದಿನ ಹೂಂ ಎಂದ. ಹಾರ್ನು ಅವನಿಗೆ ಬೇಕಿರಲಿಲ್ಲ. ನಾದಿನಿಯ ಆ ಒಂದು ಸಾಲು ಬೇಕಿತ್ತು.

ಕಿವಿಗೆ ಕೇಳುವ ಯಂತ್ರ ಹಾಕಿಸಿಕೊಂಡು ಬಂದ ದಿನ ಅವನಿಗೆ ಎಲ್ಲವೂ ಸೋಜಿಗ. ಅಂಗಿಯ ತೋಳು ಸದ್ದು ಮಾಡುತ್ತದೆ. ಫ್ರಿಜ್ಜು ತನ್ನಷ್ಟಕ್ಕೆ ಗೊಣಗುತ್ತದೆ. ಹೆಂಡತಿಯ ದನಿ ತಾನು ಅಂದುಕೊಂಡದ್ದಕ್ಕಿಂತ ದಪ್ಪ. ಅದನ್ನು ಕೇಳಲೆಂದೇ ಏನೇನೋ ಪ್ರಶ್ನೆ ಹಾಕುತ್ತ ಅಡುಗೆಮನೆಯಲ್ಲಿ ಅವಳ ಹಿಂದೆಯೇ ಸುತ್ತಿದ.

ಸಂಜೆ ಮಹಡಿಯ ಮನೆಗೆ ಹೊಸದಾಗಿ ಬಂದ ನರ್ಸಮ್ಮ ಪರಿಚಯಕ್ಕೆಂದು ಬಂದರು. ಹಿಂದೆಯೇ ನಾದಿನಿ. ಯಂತ್ರದ ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ. ನರ್ಸಮ್ಮ ಕಪಾಟು ನೋಡಿ ಕೇಳಬೇಕಾದದ್ದನ್ನೇ ಕೇಳಿದರು. ಹೆಂಡತಿ ತಂಗಿಗೆ ಕಣ್ಸನ್ನೆ ಮಾಡಿದಳು. ಅವಳು ಅದನ್ನು ನೋಡಿದರೆ ತಾನೆ!

"ಅಕ್ಕ ಹೇಳಿದ್ದು ಕತೆ," ಎಂದಳು ನಾದಿನಿ. "ಭಾವ ತಿಳ್ಕೊಂಡಿದ್ದು ಕತ್ತೆ!"

ನರ್ಸಮ್ಮ ಗೊಳ್ಳೆಂದರು. ಒತ್ತಣ್ಣ ನಗಲಿಲ್ಲ. ಕತೆ, ಕತ್ತೆ. ತುಟಿಗೆ ಎರಡೂ ಒಂದೇ. ಬೇಕಾದರೆ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ಅವತ್ತು ಅಚ್ಚುಕೂಟದಲ್ಲಿ ಹೆಂಡತಿಯ ಕೈಯಲ್ಲಿದ್ದದ್ದು ಕತೆ ಪುಸ್ತಕದ ಹಾಳೆ. ಅವಳಿಗೆ ಪ್ರಾಣವಾಗಿದ್ದದ್ದು ಕತೆ. ಅವನು ಎದ್ದು ಹೋಗಿ ಮರದ ಕತ್ತೆಯನ್ನು ಎತ್ತಿ ಅಂಗಾಲು ನೋಡಿದ. ಕಾಲಾಗಿ ನಿಂತಿದ್ದದ್ದು ತಕಾರದ ಒತ್ತಿನ ಮೊಳೆ. ಬದುಕಿಡೀ ಒಂದು ಒತ್ತೂ ಬಿಡದವನು, ಇಲ್ಲದ ಒತ್ತೊಂದನ್ನು ಸೇರಿಸಿ ಮನೆತುಂಬ ಕತ್ತೆ ಕಟ್ಟಿದ್ದ.

ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಮೂವತ್ತೊಂದು ವರ್ಷ ಅವಳು ಬೇಡದ್ದನ್ನು ಕೈಯೊಡ್ಡಿ ಇಸಿದುಕೊಂಡಳಲ್ಲ!

ಬಂದವರು ಹೋದ ಮೇಲೆ ಹೆಂಡತಿ ಹತ್ತಿರ ಬಂದಳು. "ರೀ, ಕೇಳಿ ಇಲ್ಲಿ." ಅವನು ಯಂತ್ರ ಕಳಚಿ ಡಬ್ಬಿಗೆ ಹಾಕಿ ಕಿಟಕಿಯ ಕಡೆ ತಿರುಗಿದ. ಮುಖ ನೋಡದಿದ್ದರೆ ಅವನ ಪಾಲಿಗೆ ಮಾತೇ ಇಲ್ಲ. ಜಗಳದಲ್ಲಿ ಅವನಿಗಿದ್ದ ಅಸ್ತ್ರ ಅದೊಂದೇ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಹೋಗಿ ತಪ್ಪು ತಿದ್ದಿಕೊಂಡು ಬಂದ. ದಿಂಬಿನಷ್ಟು ದಪ್ಪನೆಯ ಕತೆ ಪುಸ್ತಕವನ್ನು ಅವಳ ಮುಂದಿಟ್ಟು, ಡಬ್ಬಿ ತೆರೆದು ಯಂತ್ರವನ್ನು ಕಿವಿಗೇರಿಸಿದ. ಅವಳು ಪುಸ್ತಕವನ್ನು ಹಿಂದುಮುಂದು ನೋಡಿದಳು. ಸ್ಟೂಲ್ ಎಳೆದುಕೊಂಡು ಬೆಳಕಿಗೆ ಮುಖಮಾಡಿ ಕೂತಳು.

"ಎಲ್ಲಿಂದ ತಂದ್ರಿ?"

"ಪುಸ್ತಕದ ಅಂಗಡಿಯಿಂದ."

"ಆಮೇಲೆ?"

"ಆಮೇಲೇನು? ಕತೆ ಪುಸ್ತಕ ಬೇಕು ಅಂದೆ. ಕೊಟ್ಟ. ತಂದೆ."

"ಅಷ್ಟೇನಾ?"

"ಅಷ್ಟೇ."

"ನೋಡಿದ್ರಾ?" ಎಂದಳು ಅವಳು. "ಇದಕ್ಕೇ ರೀ, ನಾನು ಮೂವತ್ತೊಂದು ವರ್ಷ ಬಾಯಿ ಬಿಡ್ಲಿಲ್ಲ."

ಒತ್ತಣ್ಣ ಪುಸ್ತಕ ನೋಡಿದ, ಕಪಾಟು ನೋಡಿದ, ಕಿವಿ ಎಳೆಸಿಕೊಂಡ ಆ ಮೊದಲನೆಯ ಕುದುರೆಯನ್ನು ನೋಡಿದ. ನಿಧಾನವಾಗಿ ಅವನ ಮುಖ ಇಷ್ಟಗಲವಾಯಿತು.

ಅವಳು ಸ್ಟೂಲ್ ಬಿಟ್ಟು ಎದ್ದಳು. "ಬರೋ ತಿಂಗಳು ನನ್ನ ಹುಟ್ಟಿದ ದಿನ. ಕತ್ತೆ ಮರೀಬೇಡಿ."

ಒತ್ತಣ್ಣ ಯಂತ್ರವನ್ನು ಬೆರಳಿನಿಂದ ಕಿವಿಯೊಳಕ್ಕೆ ತಳ್ಳಿಕೊಂಡ. "ಏನಂದೆ?"

"ಕತ್ತೆ ಅಂದೆ."

ಒತ್ತು ಸ್ಪಷ್ಟವಾಗಿ ಕೇಳಿಸಿತು.