ನೆರಿಗೆ ಮುಂದಿದ್ದ ಚೌಕಳಿ ಪಂಚೆ

ನಮ್ಮ ಮಾವನವರ ಮೀನಖಂಡಗಳನ್ನು ಆಸ್ಟ್ರೇಲಿಯಾದ ಪರ್ತ್ ನಗರದ ಕ್ಯಾನಿಂಗ್ ವೇಲ್‌ನ ಅರ್ಧ ಜನ ನೋಡಿದ್ದಾರೆ. ಕಪ್ಪಗೆ, ಗಟ್ಟಿಯಾಗಿ, ಕಾಲಿಗೆ ತೆಂಗಿನಕಾಯಿ ಕಟ್ಟಿದ ಹಾಗೆ ಉಬ್ಬಿದ ಮೀನಖಂಡಗಳು. ಎಪ್ಪತ್ತು ದಾಟಿದ ಮೇಲೂ ಹಾಗೇ ಇದ್ದವು. ಬಿಳಿ ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿಕಟ್ಟಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿ ಅವರು ಶಾಪಿಂಗ್ ಸೆಂಟರಿನ ಕಡೆ ಹೊರಟರೆ ರಸ್ತೆಯಲ್ಲಿ ಕಾರುಗಳು ನಿಧಾನವಾಗುತ್ತಿದ್ದವು. ಹಾಲು ತರುವುದಕ್ಕೂ ಕಾರು ತೆಗೆಯುವ ಜಾಗ ಅದು. ನಡೆಯುವವರೇ ಅಪರೂಪ, ಇನ್ನು ಪಂಚೆಯಲ್ಲಿ ನಡೆಯುವವರ ಮಾತು ಕೇಳಲೇ ಬೇಡಿ.

ಅವರು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ನೌಕರಿಯ ಉದ್ದಕ್ಕೂ ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ನಿವೃತ್ತಿಯಾದ ದಿನ ಪ್ಯಾಂಟುಗಳನ್ನೆಲ್ಲ ಯಾರಿಗೋ ಕೊಟ್ಟು, 'ಇವತ್ತಿಂದ ನನ್ನ ಕಾಲಿಗೂ ರಿಟೈರ್‌ಮೆಂಟು' ಅಂದರಂತೆ. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಪರ್ತ್‌ಗೆ ಬಂದಾಗಲೂ ಆ ಮಾತು ಬದಲಾಗಲಿಲ್ಲ. ಯಾರಾದರೂ ಹಿಂಜರಿಯುವುದನ್ನು ಕಂಡರೆ ಅವರ ಬಾಯಲ್ಲಿ ಒಂದೇ ಅಪ್ಪಣೆ: 'ಎದೆ ಮುಂದೆ, ಹೊಟ್ಟೆ ಒಳಗೆ, ನಾಚಿಕೆ ಮನೇಲಿ.' ಇಲ್ಲಿ ನಾನು ಮೊದಲ ಸಲ ಇಂಟರ್‌ವ್ಯೂಗೆ ಹೊರಟು ಬಾಗಿಲಲ್ಲಿ ನಡುಗುತ್ತ ನಿಂತಿದ್ದಾಗಲೂ ಅದನ್ನೇ ಹೇಳಿ ಕಳಿಸಿದ್ದರು. ನಾಚಿಕೆಯನ್ನು ಮನೆಯಲ್ಲೇ ಬಿಟ್ಟು ಹೋದೆ, ಕೆಲಸ ತಗೊಂಡೇ ಬಂದೆ.

ನನ್ನ ಗಂಡನಿಗೆ ಮಾತ್ರ ಆ ಪಂಚೆ ಕಂಡರೆ ಮುಜುಗರ. ಅಪ್ಪನ ಜೊತೆ ಅಂಗಡಿಗೆ ಹೋದರೆ ಬೇಕಂತಲೇ ಟ್ರಾಲಿ ತಳ್ಳಿಕೊಂಡು ದೂರ ಮುಂದೆ ಹೋಗಿಬಿಡುತ್ತಿದ್ದ. 'ಆಫೀಸ್ನೋರು ಯಾರಾದ್ರೂ ಸಿಕ್ಬಿಡ್ತಾರೆ ಕಣೇ' ಅನ್ನುತ್ತಿದ್ದ. 'ಸಿಕ್ಲಿ, ಇವರು ನಮ್ಮಪ್ಪ ಅಂತ ಪರಿಚಯ ಮಾಡ್ಸು' ಅನ್ನುತ್ತಿದ್ದೆ ನಾನು. ಮಾವನವರಿಗೆ ಇದು ತಿಳಿಯುತ್ತಿರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ತಿಳಿಯುತ್ತಿತ್ತು. ಮಗನ ಬೆನ್ನು ನೋಡುತ್ತ ನಡೆಯುತ್ತಿದ್ದರು.

ಪಕ್ಕದ ಮನೆಯ ಅಜ್ಜ ಸ್ಕಾಟ್ಲೆಂಡಿನವರು. ಹರೆಯದಲ್ಲಿ ಹಡಗು ಹತ್ತಿ ಬಂದು ಇಲ್ಲೇ ನೆಲೆಯೂರಿದವರು. ಅವರಿಗೂ ನಮ್ಮ ಮಾವನವರಿಗೂ ತಗಡಿನ ಬೇಲಿಯ ಮೇಲಿನ ಸ್ನೇಹ. ಬೇಲಿ ಎತ್ತರವಾದ್ದರಿಂದ ಆಚೆ ಅವರು, ಈಚೆ ಇವರು, ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು ಮಾತಾಡುತ್ತಿದ್ದರು. ಅಜ್ಜನ ಇಂಗ್ಲಿಷು ನನಗೇ ಅರ್ಧ ಅರ್ಥವಾಗದು. ಮಾವನವರದ್ದು ಆಟದ ಮೈದಾನದ ಇಂಗ್ಲಿಷು, ಬರೀ ಅಪ್ಪಣೆಗಳು. ಆದರೂ ಗಂಟೆಗಟ್ಟಲೆ ಹರಟೆ. ಬೆಳಿಗ್ಗೆ ಮಾವನವರು ಬೇಲಿಯ ಈಚೆಯಿಂದಲೇ ಅವರಿಗೆ ಕಸರತ್ತು ಮಾಡಿಸುತ್ತಿದ್ದರು. 'ಎದೆ ಮುಂದೆ' ಅನ್ನುವುದನ್ನು ಅಜ್ಜ ಕನ್ನಡದಲ್ಲೇ ಕಲಿತುಕೊಂಡು ತಾವೂ ಕೂಗುತ್ತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೇ.

ನನ್ನ ನಾದಿನಿ ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿದ್ದಾಳೆ. ಅವಳೂ ನಾವೂ ಸೇರಿ ರಜೆಗೆ ಸ್ಕಾಟ್ಲೆಂಡಿನ ಹಳ್ಳಿಗಾಡಿಗೆ ಹೋಗುತ್ತೇವೆಂದು ತಿಳಿದ ಮೇಲೆ ಅಜ್ಜ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಕೈಯಲ್ಲಿ ನುಸಿಗುಳಿಗೆ ವಾಸನೆಯ ಒಂದು ಪೊಟ್ಟಣ. ಒಳಗೆ ಹಸಿರು ನೀಲಿ ಚೌಕಳಿಯ ದಪ್ಪ ಉಣ್ಣೆಯ ಕಿಲ್ಟು, ಅವರ ಕಡೆಯ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ಮಂಡಿಯುದ್ದದ ನೆರಿಗೆ ಬಟ್ಟೆ, ಅವರ ಅಪ್ಪನದು. ಭಾನುವಾರಗಳಂದು ಅವರಪ್ಪ ಅದನ್ನುಟ್ಟು ಊರಿನ ಚರ್ಚಿನಿಂದ ತಮ್ಮ ಮನೆಯ ಗೇಟಿನವರೆಗೆ ನಡೆದು ಬರುತ್ತಿದ್ದರಂತೆ. ಇವರಿಗೋ ಹೃದಯದ ತೊಂದರೆ, ವಿಮಾನ ಹತ್ತಲೇಬಾರದೆಂದು ಡಾಕ್ಟರು ಹೇಳಿದ್ದರು. ನನ್ನ ಬದಲು ನೀನು ಒಂದು ಸಲ ಆ ದಾರಿ ನಡೆದು, ಗೇಟಿನ ಹತ್ತಿರ ನಿಂತು ಫೋಟೋ ತೆಗೆಸಿಕೊಂಡು ಬರುತ್ತೀಯಾ ಎಂದು ಮಾವನವರನ್ನು ಕೇಳಿದರು.

'ಗೇಟಿನ ಫೋಟೋ ನಾವೇ ತೆಗೆದು ಕಳಿಸ್ತೀವಿ, ಇದನ್ನೆಲ್ಲ ಉಡೋದು ಯಾಕೆ' ಎಂದು ಇಂಗ್ಲಿಷಿನಲ್ಲಿ ಅಂದ ನನ್ನ ಗಂಡ. ಅಜ್ಜ ಅವನನ್ನು ನೋಡಲೂ ಇಲ್ಲ. ಈ ರಸ್ತೆಯಲ್ಲಿ ಬಟ್ಟೆ ಸುತ್ತಿಕೊಂಡು ತಲೆಯೆತ್ತಿ ನಡೆಯಲು ಬರುವುದು ನಿನ್ನ ಅಪ್ಪ ಒಬ್ಬರಿಗೇ ಅಂದರು. ಮಾವನವರು ಎದ್ದು ನಿಂತು ಎರಡೂ ಕೈಯಲ್ಲಿ ಪೊಟ್ಟಣ ತೆಗೆದುಕೊಂಡರು. 'ಐ ಪ್ರಾಮಿಸ್. ನೋ ಇನ್ಸಲ್ಟ್ ಟು ಫಾದರ್' ಅಂದರು.

ಸ್ಕಾಟ್ಲೆಂಡಿನಲ್ಲಿ ನಾವು ಉಳಿದುಕೊಂಡ ಕಾಟೇಜಿಗೆ ಹತ್ತಿರದ ಪೇಟೆಯ ಹೆಸರೂ ಪರ್ತ್. 'ಪರ್ತ್ ಬಿಟ್ಟು ಪರ್ತ್‌ಗೇ ಬರೋಕೆ ಅಷ್ಟು ಹೊತ್ತು ವಿಮಾನದಲ್ಲಿ ಕೂತಿದ್ವಾ' ಎಂದು ಮಾವನವರು ದಾರಿಯುದ್ದಕ್ಕೂ ಗೊಣಗಿದರು. ಆದರೆ ಅಜ್ಜನ ಹಳ್ಳಿಗೆ ಹೋಗುವ ದಿನ ಎಲ್ಲರಿಗಿಂತ ಮೊದಲೇ ಎದ್ದು, ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು ಕಿಲ್ಟನ್ನು ಸುತ್ತಿಕೊಂಡು ಬಂದರು. 'ಸೊಸೆ, ಸ್ವಲ್ಪ ನೆರಿಗೆ ಸರಿಮಾಡಮ್ಮ. ಈ ಚೌಕಳಿ ಪಂಚೆ ಭಾರಿ ಮೊಂಡು' ಅಂದರು. ನಾನು ನೆಲದ ಮೇಲೆ ಕೂತು, ಮದುವೆಮನೆಯಲ್ಲಿ ಸೀರೆಯ ನೆರಿಗೆ ಕೂರಿಸುವ ಹಾಗೆ, ಒಂದೊಂದನ್ನೂ ಎಳೆದು ಹೊಕ್ಕುಳಿನ ನೇರಕ್ಕೆ ನಿಲ್ಲಿಸಿದೆ. ನಾದಿನಿ ಹಿಂದೆ ನಿಂತು ನೋಡಿ 'ಸೂಪರ್ ಅಪ್ಪ' ಅಂದಳು. ನನ್ನ ಮಗಳು 'ತಾತಾ, ಯು ಲುಕ್ ಎಪಿಕ್' ಅಂದಳು. ಕಚ್ಚೆ ಪಂಚೆಯಾಗಲಿ ಸೀರೆಯಾಗಲಿ, ನೆರಿಗೆ ಬರುವುದು ಮುಂದೆಯೇ ತಾನೇ. ನಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ಚರ್ಚಿನ ಮುಂದೆ ಕಾರಿಂದ ಇಳಿದೆವು. ಸಣ್ಣ ಊರು, ಕಲ್ಲಿನ ಮನೆಗಳು, ಎರಡೂ ಕಡೆ ಕುರಿ ಮೇಯುವ ಹಸಿರು ದಿಬ್ಬ. ಮಾವನವರು ಎದೆ ಮುಂದೆ ಮಾಡಿ ಹೊರಟರು. ನನ್ನ ಗಂಡ ಕ್ಯಾಮೆರಾ ಸರಿಮಾಡುವ ನೆಪದಲ್ಲಿ ಎಲ್ಲರಿಗಿಂತ ಹಿಂದೆ ಉಳಿದ. ಅಂಗಡಿಯ ಹತ್ತಿರ ನಾಯಿ ಹಿಡಿದುಕೊಂಡು ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಮಾವನವರನ್ನು ಮೇಲಿಂದ ಕೆಳಗೆ ನೋಡಿ, ಹತ್ತಿರ ಬಂದು, ನೋಯಿಸಬಾರದೆಂಬ ದನಿಯಲ್ಲಿ ಹೇಳಿದರು: ನೆರಿಗೆ ಹಿಂದೆ ಬರಬೇಕು, ನೀವು ಹಿಂದುಮುಂದಾಗಿ ಉಟ್ಟಿದ್ದೀರಿ.

ಆ ನೆರಿಗೆಯನ್ನು ಕೂರಿಸಿದವಳು ನಾನೇ ಅಲ್ಲವೇ. ನನ್ನ ಗಂಡ ಓಡಿ ಬಂದು 'ಅಪ್ಪ, ಸಾಕು ಬನ್ನಿ, ಕಾರ್ ಹತ್ತಿ. ಎಲ್ಲ ನೋಡ್ತಿದ್ದಾರೆ' ಅಂದ. ಮಾವನವರ ಮುಖ ಬಾಡಿಹೋಯಿತು. ಅಷ್ಟು ವರ್ಷಗಳಲ್ಲಿ ಅವರ ಬೆನ್ನು ಬಾಗಿದ್ದನ್ನು ನಾನು ಕಂಡದ್ದು ಅವತ್ತೇ. ನನ್ನ ಕಡೆ ತಿರುಗಿ, 'ಅವರಪ್ಪನಿಗೆ ಅವಮಾನ ಮಾಡ್ಬಿಟ್ನೇನಮ್ಮಾ' ಅಂದರು. ಆಮೇಲೆ ಆ ಹೆಂಗಸನ್ನೇ ನೇರವಾಗಿ ಕೇಳಿದರು: 'ಮೇಡಂ, ಇನ್ಸಲ್ಟ್?'

ಕಿಲ್ಟು ಯಾರದೆಂದು ಅವರು ಕೇಳಿದರು. ನಾನು ಅಜ್ಜನ ವಿಷಯ, ಅವರ ಹೃದಯದ ವಿಷಯ, ಗೇಟಿನ ವಿಷಯ ಎಲ್ಲ ಹೇಳಿದೆ. ಆ ಅಜ್ಜನ ಅಪ್ಪ ನಡೆದು ಬರುವುದನ್ನು ಅವರು ಸಣ್ಣ ಹುಡುಗಿಯಾಗಿದ್ದಾಗ ಕಿಟಕಿಯಿಂದ ನೋಡುತ್ತಿದ್ದರಂತೆ. ಅವರಾದ ಮೇಲೆ ಆ ಚೌಕಳಿ ಈ ರಸ್ತೆಯಲ್ಲಿ ನಡೆದೇ ಇಲ್ಲ, ಅವಮಾನದ ಮಾತೆಲ್ಲಿ ಬಂತು, ನಡೆಯಿರಿ, ನಾನೂ ಬರುತ್ತೇನೆ ಅಂದರು.

ಮಾವನವರು ಒಂದು ಗಳಿಗೆ ನೆರಿಗೆ ನೋಡಿಕೊಂಡರು. 'ನಡುರಸ್ತೇಲಿ ಬಿಚ್ಚಿ ಉಡೋಕಂತೂ ಆಗಲ್ಲ. ಬಟ್ಟೆ ಅವರದು, ಉಟ್ಟಿರೋನು ನಾನು. ನಮ್ಮ ಕಡೆ ನೆರಿಗೆ ಮುಂದೇನೇ' ಅಂದವರು ಬೆನ್ನು ನೆಟ್ಟಗೆ ಮಾಡಿ ಹೆಜ್ಜೆ ಹಾಕಿದರು. ಕೂದಲೆಲ್ಲ ಬೆಳ್ಳಗೆ, ಹಣೆಯಲ್ಲಿ ವಿಭೂತಿ, ಕೆಳಗೆ ಆ ಮೀನಖಂಡಗಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಣ್ಣು ಮಂಜಾಗಿ ದಾರಿಯೇ ಕಾಣಲಿಲ್ಲ. 'ನಾಚಿಕೆ ಆದ್ರೆ ನೀನು ಕಾರಲ್ಲಿ ಕೂತಿರು' ಎಂದು ಗಂಡನಿಗೆ ಹೇಳಿಯೂಬಿಟ್ಟೆ.

ಅವನು ಕಾರಿಗೆ ಹೋಗಲಿಲ್ಲ. ಕ್ಯಾಮೆರಾವನ್ನು ತಂಗಿಯ ಕೈಗೆ ಕೊಟ್ಟು, ಸರಸರನೆ ಮುಂದೆ ಹೋಗಿ ಅಪ್ಪನ ಪಕ್ಕದಲ್ಲಿ ನಡೆಯತೊಡಗಿದ. ಮಾವನವರು ತಿರುಗಿ ನೋಡಲಿಲ್ಲ. 'ಹೆಜ್ಜೆ ತಪ್ತಿದೆ, ಎಡಗಾಲು' ಅಂದರು ಅಷ್ಟೇ. ಅವನು ಕುಪ್ಪಳಿಸಿ ಹೆಜ್ಜೆ ಸರಿಮಾಡಿಕೊಂಡ. ಗೇಟಿನ ಫೋಟೋದಲ್ಲಿ ಅಪ್ಪ ಮಗ ಇಬ್ಬರೂ ಇದ್ದಾರೆ. ಅದನ್ನು ನೋಡಿ ಅಡಿಲೇಡ್‌ನಲ್ಲಿರುವ ನನ್ನ ಅಕ್ಕ ಫೋನ್ ಮಾಡಿ, 'ನಿಮ್ಮಾವ ಮಹಾರಾಜರ ಥರ ಕಾಣ್ತಾರಲ್ಲೇ' ಅಂದಳು. 'ಥರ ಏನು ಬಂತು, ಮಹಾರಾಜರೇ' ಅಂದೆ.

ವಾಪಸು ಬಂದ ಮೇಲೆ ಮಾವನವರೇ ಫೋಟೋವನ್ನೂ ಕಿಲ್ಟನ್ನೂ ತೆಗೆದುಕೊಂಡು ಬಕೆಟ್ಟಿನ ಮೇಲೆ ಹತ್ತಿದರು. 'ಮಿಸ್ಟೇಕ್. ಪ್ಲೀಟ್ ಫ್ರಂಟ್. ಸಾರಿ' ಎಂದು ತಾವೇ ಮೊದಲು ಹೇಳಿಬಿಟ್ಟರು. ಅಜ್ಜ ಬಹಳ ಹೊತ್ತು ಫೋಟೋ ನೋಡಿದರು. ಗೇಟಿಗೆ ಹೊಸ ಬಣ್ಣ ಹೊಡೆದಿದ್ದಾರೆ ಅಂದರು. ಆಮೇಲೆ ನೆರಿಗೆಯ ಮೇಲೆ ಬೆರಳಿಟ್ಟು ಕೆಮ್ಮು ಬರುವವರೆಗೂ ನಕ್ಕರು. ಕಣ್ಣಲ್ಲಿ ನೀರಿತ್ತು. ಬೇಲಿಯ ಮೇಲಿಂದಲೇ ಮಾವನವರ ಕೈ ಹಿಡಿದುಕೊಂಡರು.

ಹೋದ ಬೇಸಿಗೆಯಲ್ಲಿ ಮಾವನವರು ತೀರಿಕೊಂಡರು. ವಾಕಿಂಗ್ ಮುಗಿಸಿ ಬಂದು, ಶೂ ಬಿಚ್ಚಿಟ್ಟು, ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಪರ್ತ್‌ನ ಉರಿಬಿಸಿಲು. ಚಿತಾಗಾರದ ಕಾರ್ ಪಾರ್ಕಿನಲ್ಲಿ ನನ್ನ ಗಂಡ ಅಪ್ಪನ ಬಿಳಿ ಪಂಚೆಯನ್ನೇ ಉಟ್ಟು, ಅವನ ಆಫೀಸಿನವರೆಲ್ಲರ ನಡುವೆ ನಿಂತಿದ್ದ. 'ನಮ್ಮಪ್ಪನದು' ಎಂದು ಪಂಚೆ ತೋರಿಸಿ ಒಬ್ಬರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಅಷ್ಟರಲ್ಲಿ ಟ್ಯಾಕ್ಸಿಯೊಂದರಿಂದ ಪಕ್ಕದ ಮನೆಯ ಅಜ್ಜ ಇಳಿದರು. ಆ ಸೆಕೆಯಲ್ಲೂ ಉಣ್ಣೆಯ ಕಿಲ್ಟು ಉಟ್ಟಿದ್ದರು. ನೆರಿಗೆ ಮುಂದಿತ್ತು.

'ಅಮ್ಮಾ, ಇಟ್ಸ್ ಬ್ಯಾಕ್‌ವರ್ಡ್ಸ್' ಎಂದು ಪಿಸುಗುಟ್ಟಿದಳು ಮಗಳು. ನನ್ನ ಗಂಡ ಅವರ ಹತ್ತಿರ ಹೋದ. ಬಿಸಿ ಡಾಂಬರಿನ ಮೇಲೆ ಮಂಡಿಯೂರಿ ಕೂತು, ಟ್ಯಾಕ್ಸಿಯಲ್ಲಿ ಕೂತು ಮುದುರಿದ್ದ ನೆರಿಗೆಗಳನ್ನು ಒಂದೊಂದಾಗಿ ಎಳೆದು ಸರಿಮಾಡತೊಡಗಿದ. ಮಾಡುತ್ತ ಮಾಡುತ್ತ ಅವನ ಭುಜ ಅಲುಗಿತು, ತಲೆ ತಗ್ಗಿತು. ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟು, ತಮಗೆ ಬರುವ ಕನ್ನಡವನ್ನು ಮೆಲ್ಲನೆ ಹೇಳಿದರು.

'ಎದೆ ಮುಂದೆ.'

ನನ್ನ ಗಂಡ ಎದ್ದು ಬೆನ್ನು ನೆಟ್ಟಗೆ ಮಾಡಿ ನಿಂತ. ಇಬ್ಬರೂ ಒಟ್ಟಿಗೆ, ಎಡಗಾಲು ಮೊದಲಿಟ್ಟು, ಒಳಗೆ ನಡೆದರು.